ಅರ್ಧ ಕಿಲೋ

ಅಂಗಿಗೆ ಒಂದು ಕೈ ತೂರಿಸಿದ ಮೇಲೆ ಪೇಂಟರ್ ಮಂಚದ ಅಂಚಿನಲ್ಲಿ ಕೂತು ಉಸಿರು ಕೂಡಿಸಿಕೊಳ್ಳತೊಡಗಿದ. ಅಂಗಿಯ ಇನ್ನೊಂದು ತೋಳು ಬೆನ್ನ ಹಿಂದೆ ಜೋತಾಡುತ್ತಿತ್ತು. ಹೆಂಡತಿ ಅವಸರ ಮಾಡಲಿಲ್ಲ. ಮೂಗಿನ ನಳಿಕೆಯನ್ನು ಕಾಲರಿನಿಂದ ಬಿಡಿಸಿ, ಅದು ಎಲ್ಲೂ ತಿರುಚಿಕೊಂಡಿಲ್ಲವೆಂದು ಮೂಲೆಯ ಆಕ್ಸಿಜನ್ ಯಂತ್ರದವರೆಗೂ ಕಣ್ಣು ಹಾಯಿಸಿದಳು.

"ಬನಿಯನ್ನಲ್ಲೇ ಕೂತ್ರೆ ಆಗಲ್ವಾ? ಅವರು ನೋಡೋದು ನನ್ನ ಶ್ವಾಸಕೋಶ. ಅಂಗಿ ಅಲ್ಲ."

"ಅಷ್ಟೊಂದು ಜನ ಡಾಕ್ಟರು ನೋಡ್ತಾರೆ. ಸುಮ್ನೆ ಕೈ ಎತ್ರಿ."

ಮಂಚದೆದುರಿನ ಸ್ಟೂಲಿನ ಮೇಲೆ ಟ್ಯಾಬ್ಲೆಟ್ ಇತ್ತು. ಮನೆಮನೆಗೆ ಬರುವ ನರ್ಸಮ್ಮ ಅದನ್ನು ಹಿಂದಿನ ದಿನವೇ ಕೊಟ್ಟು ಹೋಗಿದ್ದಳು. ಬೇರೆ ಬೇರೆ ಊರಿನ ಡಾಕ್ಟರು, ನರ್ಸು, ಔಷಧಿಯವರು, ವ್ಯಾಯಾಮ ಮಾಡಿಸುವವರು ಒಟ್ಟಿಗೆ ಕೂತು ಕಲಿಯುವ ಆನ್‌ಲೈನ್ ತರಗತಿ ಅದು. ವರ್ಷಾನುಗಟ್ಟಲೆ ಕಾಯಿಲೆ ಇರುವವರನ್ನು ಒಬ್ಬೊಬ್ಬರು ಒಂದೊಂದು ಕಡೆ ಎಳೆಯದೆ, ಎಲ್ಲರೂ ಸೇರಿ ನೋಡಿಕೊಳ್ಳುವುದು ಹೇಗೆಂಬುದೇ ಪಾಠ. ನರ್ಸಮ್ಮನೂ ಅದರಲ್ಲಿ ವಿದ್ಯಾರ್ಥಿ. ಪಾಠಕ್ಕೆ ನಿಜವಾದ ರೋಗಿಯೊಬ್ಬ ಬೇಕಿತ್ತು. "ಅಣ್ಣನ್ನ ಕೂರಿಸ್ತೀರಾ ಅಕ್ಕಾ? ಫೈಲೆಲ್ಲ ನಾನೇ ಕಳಿಸ್ತೀನಿ" ಎಂದು ಅವಳು ಕೇಳಿದ ಕೂಡಲೇ ಹೆಂಡತಿ ಹೂಂ ಅಂದಿದ್ದಳು.

ಅದಕ್ಕೆ ಕಾರಣವಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಒಮ್ಮೆ ಶ್ವಾಸಕೋಶ ಬದಲಾಯಿಸುವ ಆಪರೇಷನ್ನಿನ ಮಾತೆತ್ತಿ, "ತೀರಾ ಸಣ್ಣ ಆಗಿದಾರೆ. ಮೊದಲು ತೂಕ ಬರಲಿ, ನೋಡೋಣ" ಎಂದಿದ್ದರು. ಆ 'ನೋಡೋಣ'ವನ್ನು ಗಟ್ಟಿಯಾಗಿ ಹಿಡಿದುಕೊಂಡೇ ಅವಳು ದಿನ ದೂಡುತ್ತಿದ್ದಳು. ಹಾಲಿಗೆ ಹಸಿ ಮೊಟ್ಟೆ ಕದಡಿ ಕುಡಿಸುವಳು, ಗಂಜಿಗೆ ಬೆಣ್ಣೆ ಹಾಕುವಳು, ಬೇಡವೆಂದು ಮುಖ ತಿರುಗಿಸಿದರೆ ಗದರಿಸುವಳು. ವಾರಕ್ಕೊಮ್ಮೆ ನರ್ಸಮ್ಮ ತೂಕದ ಯಂತ್ರ ತಂದು ಅವನನ್ನು ನಿಲ್ಲಿಸುವಳು. ಮುಳ್ಳು ಅರ್ಧ ಕಿಲೋ ಸರಿದಿದ್ದರೂ "ಭೇಷ್ ಅಕ್ಕಾ" ಅನ್ನುವಳು. ಅವತ್ತೆಲ್ಲ ಹೆಂಡತಿಗೆ ಕೆಲಸ ಹಗುರ.

ಇಷ್ಟು ಜನ ತಿಳಿದವರು ಒಟ್ಟಿಗೆ ತಲೆ ಓಡಿಸಿದರೆ ಒಬ್ಬರಿಗಾದರೂ ಏನಾದರೂ ಹೊಳೆಯದೇ ಇದ್ದೀತೇ?

ಪರದೆಯ ತುಂಬ ಮುಖಗಳು ಬಂದವು. ಆಕ್ಸಿಜನ್ ಯಂತ್ರ ಗುರ್ ಎಂದಾಗಲೆಲ್ಲ, ಅವನೇ ಮಾತಾಡುತ್ತಿದ್ದಾನೇನೋ ಎಂಬಂತೆ ಪೇಂಟರನ ಚೌಕದ ಸುತ್ತ ಹಳದಿ ಗೆರೆ ಹೊತ್ತಿಕೊಳ್ಳುತ್ತಿತ್ತು.

"ನಿಮಗೆ ಎಲ್ಲಕ್ಕಿಂತ ಕಷ್ಟ ಯಾವುದು?" ಪಾಠ ಮಾಡುವ ಮೇಡಂ ಕೇಳಿದರು.

"ಅಂಗಿ ಹಾಕ್ಕೊಳ್ಳೋದು." ಅವನು ಉಸಿರೆಳೆದುಕೊಂಡ. "ಕಾರಿಗೆ ಬಣ್ಣ ಹೊಡೀತಿದ್ದೆ. ಇಡೀ ಕಾರು... ನಿಂತ ಕಾಲಲ್ಲೇ. ಈಗ ಒಂದು ಅಂಗಿಗೆ... ಎರಡು ಸಲ ಕೂರ್ಬೇಕು." ಸ್ವಲ್ಪ ಸುಧಾರಿಸಿಕೊಂಡು ಅಂದ, "ನಿಮ್ಮ ಹಿಂದಿನ ಗೋಡೆಗೆ... ಎರಡನೇ ಕೋಟು ಹೊಡೆದಿಲ್ಲ, ಮೇಡಂ."

ಮೇಡಂ ತಿರುಗಿ ಗೋಡೆ ನೋಡಿದರು. ಎಲ್ಲ ಚೌಕಗಳೂ ನಕ್ಕವು.

ಇನ್ನೂ ಕೆಲವು ಪ್ರಶ್ನೆ ಕೇಳಿದ ಮೇಲೆ ಮೇಡಂ, ಯಂತ್ರದ ಸದ್ದಿಗೆಂದು ಅವನ ಕಡೆಯ ಧ್ವನಿ ಬಂದ್ ಮಾಡಿದರು. ಇನ್ನು ತರಗತಿಯವರು ನಾಲ್ಕು ಗುಂಪಾಗಿ ಆನ್‌ಲೈನಿನಲ್ಲೇ ನಾಲ್ಕು ಬೇರೆ ಬೇರೆ ಕೋಣೆಗೆ ಹೋಗಿ ಚರ್ಚಿಸಿ, ಮರಳಿ ಬಂದು ಒಪ್ಪಿಸುತ್ತಾರೆ, ಒಂದೊಂದರಲ್ಲೂ ಎಲ್ಲ ಕಸುಬಿನವರೂ ಇರುತ್ತಾರೆ ಎಂದರು. "ತುಂಬಾ ಉಪಕಾರ ಆಯ್ತು. ನೀವಿನ್ನು ಹೊರಡಬಹುದು."

ಮುಖಗಳು ಒಂದೊಂದಾಗಿ ಆರಿಹೋದವು.

"ಆಫ್ ಮಾಡು. ಹೊರಡಿ ಅಂದ್ರಲ್ಲ."

"ಹೊರಡಬಹುದು ಅಂದ್ರು. ಹೊರಡಲೇಬೇಕು ಅನ್ನಲಿಲ್ಲ."

"ನೀನು ವಕೀಲಿ ಮಾಡ್ಬೇಕಿತ್ತು ಕಣೇ."

ತಾವು ಅವರಿಗೆ ಕಾಣದಿರಲೆಂದು ಅವಳು ಟವೆಲೊಂದನ್ನು ಟ್ಯಾಬ್ಲೆಟ್ಟಿನ ಮೇಲೆ ಹೊದಿಸಿದಳು.

"ಅಷ್ಟು ಹೊತ್ತು ಏನು ಮಾತಾಡ್ತಾರ್ರೀ?"

"ಬಾಡಿಗೆ ಮನೆ ಕೇಳೋಕೆ ಹೋದಾಗ ಓನರ್ ಗಂಡ ಹೆಂಡ್ತಿ... ಒಳಗೆ ಹೋಗಿ ಪಿಸಪಿಸ ಅಂತಾರಲ್ಲ. ಹಾಗೆ. ಹೊರಗೆ ಬಂದಾಗ... ಮುಖ ನೋಡಿದ್ರೆ ಗೊತ್ತಾಗುತ್ತೆ."

ಅವಳಿಗೆ ನಗು ಬಂತು. ಇನ್ನೆಷ್ಟು ಕಿಲೋ ಬರಬೇಕು ಎಂಬುದನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ತಿಂಗಳೊಳಗೆ ಬರಿಸಿ ತೋರಿಸಿದರಾಯಿತು.

ಟವೆಲಿನ ಕೆಳಗಿನಿಂದ ಮಾತು ಶುರುವಾಯಿತು.

"ಒಂದನೇ ಕೋಣೆ," ಎಂದಿತು ಗಂಡಸಿನ ದನಿ. "ಹೃದಯವೂ ಸೋತಿದೆ. ಆಪರೇಷನ್ ಮಾಡೋ ಕಾಲ ದಾಟಿಹೋಗಿದೆ. ಇನ್ನು ಸಂಕಟ ಕಡಿಮೆ ಮಾಡೋದೊಂದೇ."

ಇನ್ನೂ ಮೂರು ಕೋಣೆ ಇವೆ, ಅಂದುಕೊಂಡಳು ಅವಳು.

ಎರಡನೇ ಕೋಣೆಯ ಔಷಧಿಯವರು ಅದನ್ನೇ ಹೇಳಿ, ಉಸಿರಿನ ಹಿಂಸೆ ತಿಳಿಯದ ಹಾಗೆ ಯಾವ ಔಷಧಿ, ಎಷ್ಟೆಷ್ಟು ಹನಿ ಕೊಡಬೇಕೆಂದು ಲೆಕ್ಕ ಒಪ್ಪಿಸಿದರು. ಮೂರನೆಯದರಲ್ಲಿ ಎಳೆಯ ದನಿ: "ಹೆಚ್ಚಾಗಿರೋ ತೂಕ ಕಾಲಿನಲ್ಲಿ ನಿಂತಿರೋ ನೀರಿಂದು ಅಂತ ನಮ್ಮೆಲ್ಲರ ಅಭಿಪ್ರಾಯ. ಮೈಗೆ ಏನೂ ಹತ್ತಿಲ್ಲ."

ನಾಲ್ಕನೆಯ ದನಿ ನರ್ಸಮ್ಮನದು.

"ನಮ್ಮದೂ ಅದೇ ಮೇಡಂ. ಆದ್ರೂ ವಾರ ವಾರ ತೂಕ ನೋಡೋದು ನಿಲ್ಲಿಸೋದು ಬೇಡ. ಅದು ಅವರ ಹೆಂಡ್ತಿಗೋಸ್ಕರ. ಅದೂ ಇಲ್ಲ ಅಂದ್ರೆ ಆ ಅಕ್ಕನಿಗೆ ಮಾಡೋಕೆ ಏನೂ ಉಳಿಯಲ್ಲ."

ಆಮೇಲೆ ಮೇಡಂ ಅಂದರು, "ಮೊದಲನೇ ತರಗತೀಲಿ ನೀವು ಹೇಗೆ ಕಿತ್ತಾಡಿದ್ರಿ, ನೆನಪಿದೆಯಾ? ಈಗ ನಾಲ್ಕು ಕೋಣೆ, ಒಂದೇ ಉತ್ತರ. ಒಟ್ಟಾಗಿ ಯೋಚಿಸೋದು ಅಂದ್ರೆ ಇದು. ನನಗೆ ತುಂಬಾ ಸಂತೋಷ ಆಯ್ತು."

ಟವೆಲಿನ ಕೆಳಗೆ ಚಪ್ಪಾಳೆ ಕೇಳಿಸಿತು. ಇತ್ತ ಯಂತ್ರ ಗುರ್ ಎನ್ನುತ್ತಲೇ ಇತ್ತು.

ಅವಳು ಕೂತಲ್ಲಿಂದ ಅಲ್ಲಾಡಲಿಲ್ಲ. ಪೇಂಟರ್ ತನ್ನ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ನೀಲಿಯನ್ನು ಹೆಬ್ಬೆರಳಿನಿಂದ ಕೆರೆಯುತ್ತಿದ್ದ.

"ಹಾಲಿನ ಹೊತ್ತಾಯ್ತು ಅಲ್ವಾ?" ಅಂದ.

ಅವನಾಗಿ ಕೇಳಿದ್ದು ಅದೇ ಮೊದಲು. ಅವಳು ಎದ್ದು ಒಳಗೆ ಹೋದಳು. ಮೊಟ್ಟೆ ಒಡೆದ ಸದ್ದು, ಆಮೇಲೆ ಬಹಳ ಹೊತ್ತು ಚಮಚ ಲೋಟಕ್ಕೆ ಬಡಿಯುವ ಸದ್ದು ಕೇಳಿಸಿತು. ಅವನು ಗುಟುಕು ಗುಟುಕಿಗೆ ನಿಲ್ಲಿಸಿ ನಿಲ್ಲಿಸಿ ಪೂರ್ತಿ ಕುಡಿದ. ಕುಡಿದು ಲೋಟವನ್ನು ಬಗ್ಗಿಸಿ ತಳ ತೋರಿಸಿದ.

ಮುಂದಿನ ವಾರ ನರ್ಸಮ್ಮ ಎಂದಿನಂತೆ ಬಂದು ಟ್ಯಾಬ್ಲೆಟ್ಟನ್ನು ಚೀಲಕ್ಕೆ ಹಾಕಿಕೊಂಡಳು. "ಅಣ್ಣ ಚೆನ್ನಾಗಿ ಮಾತಾಡಿದ್ರು ಅಂತ ಎಲ್ರೂ ಹೇಳಿದ್ರು" ಎನ್ನುತ್ತ ತೂಕದ ಯಂತ್ರವನ್ನು ನೆಲದ ಮೇಲಿಟ್ಟಳು. ಪೇಂಟರ್ ಹೆಂಡತಿಯ ಭುಜ ಹಿಡಿದು, ಬರಿಗಾಲಲ್ಲಿ ಹತ್ತಿ ನಿಂತ. ಮುಳ್ಳು ತೂಗಾಡಿ ನಿಂತಿತು. ನರ್ಸಮ್ಮ ಬಗ್ಗಿ ನೋಡಿದಳು. ತಲೆಯೆತ್ತುವುದು ಸ್ವಲ್ಪ ತಡವಾಯಿತು.

"ಅರ್ಧ ಕಿಲೋ ಜಾಸ್ತಿ ಆಗಿದೆ, ಅಕ್ಕಾ."

"ಭೇಷ್," ಅಂದಳು ಹೆಂಡತಿ.

ಅವನನ್ನು ಇಳಿಸಿ ಮಂಚದ ಮೇಲೆ ಕೂರಿಸಿದಳು. ಆಮೇಲೆ ನೆಲದ ಮೇಲೆ ಕೂತು, ಅವನ ಪಾದವನ್ನು ಮಡಿಲಿಗೆ ಎಳೆದುಕೊಂಡು, ಮಂಚದ ಕೆಳಗಿದ್ದ ಅವನ ಚಪ್ಪಲಿಯ ಪಟ್ಟಿಯನ್ನು ಪೂರ್ತಿ ಸಡಿಲಿಸಿ ಬೆರಳುಗಳನ್ನು ಒಳಗೆ ತೂರಿಸಲು ನೋಡಿದಳು. ಊದಿದ ಪಾದ ಹೋಗಲಿಲ್ಲ. ಅವಳು ಮತ್ತೆ ನೋಡಿದಳು.