ಎಪ್ಪತ್ತು ಪಾಯಿಂಟ್ ಒಂಬತ್ತು

ಇಳಿದು ಮತ್ತೆ ಹತ್ತಿದ. ಎಪ್ಪತ್ತು ಪಾಯಿಂಟ್ ಒಂಬತ್ತು. ಬಚ್ಚಲಿನ ನೆಲ ಓರೆಯಿರಬಹುದೆಂದು ತೂಕದ ಯಂತ್ರವನ್ನು ಹೊರಗೆ ತಂದು ಮೂರನೆಯ ಸಲ ನಿಂತ. ಅದೇ ಅಂಕಿ.

ಸಂತೋಷವಾಗಬೇಕಿತ್ತು. ನಲವತ್ತು ವಾರದ ಹಿಂದೆ ತೊಂಬತ್ತೊಂದು ಕಿಲೋ ಇದ್ದ. ವಾರಕ್ಕೆ ಅರ್ಧ ಕಿಲೋದಂತೆ, ಒಂದು ವಾರವೂ ತಪ್ಪದೆ ಇಳಿಯುತ್ತ ಬಂದಿದ್ದ. ಐದು ಕಿಲೋ ಇಳಿದಾಗಲೆಲ್ಲ ದಿನದ ಕ್ಯಾಲೊರಿಯ ಗುರಿಯಿಂದ ನೂರು ಕಡಿಮೆ ಮಾಡುವುದು ಅವನೇ ಮಾಡಿಕೊಂಡ ಕಟ್ಟಳೆ. ಎರಡು ಸಾವಿರದಿಂದ ಶುರುವಾದದ್ದು ಸಾವಿರದ ಏಳುನೂರಕ್ಕೆ ಬಂದಿತ್ತು. ಇವತ್ತಿಗೆ ನಾಲ್ಕನೆಯ ಐದು ಮುಗಿಯಿತು. ಇಳಿಸಬೇಕು.

ಇಳಿಸಬೇಕೆ? ಇಳಿಯುತ್ತಲೇ ಇರುವಾಗ?

ಅಡುಗೆಮನೆಯಲ್ಲಿ ಹೆಂಡತಿ ಮಗಳ ಡಬ್ಬಿ ಕಟ್ಟುತ್ತಿದ್ದಳು.

"ಅವಳು ಕೇಳ್ತಿದ್ಲು, ಅಪ್ಪಂಗೆ ಏನಾದ್ರೂ ಕಾಯಿಲೇನಾ ಅಂತ."

"ನೀನೇನಂದೆ?"

"ಅಪ್ಪನ್ನೇ ಕೇಳು ಅಂದೆ."

"ಕೇಳ್ಲಿಲ್ವಲ್ಲ."

"ನೀವು ಸಿಕ್ಕಿದ್ರೆ ತಾನೆ."

ಒಂದೇ ಮನೆಯಲ್ಲಿದ್ದು ಸಿಗದಿರುವುದು ಹೇಗೆ ಎಂದು ಕೇಳಬಹುದಿತ್ತು. ಬ್ರೆಡ್ಡಿನ ಹೋಳನ್ನು ಪುಟ್ಟ ತಕ್ಕಡಿಯ ಮೇಲಿಟ್ಟ. ಅಂಕಿ ಅತ್ತಿತ್ತ ಆಡಿ ಮೂವತ್ತೆರಡಕ್ಕೆ ನಿಲ್ಲುವಷ್ಟರಲ್ಲಿ ಹೆಂಡತಿ ಡಬ್ಬಿ ಹಿಡಿದು ಹೊರಟುಹೋಗಿದ್ದಳು.

ಅವನು ಲಿಫ್ಟುಗಳ ಇನ್‌ಸ್ಪೆಕ್ಟರು. ಅವನ ಇಲಾಖೆಯ ಲೆಕ್ಕದಲ್ಲಿ ಒಬ್ಬ ಮನುಷ್ಯನೆಂದರೆ ಅರವತ್ತೆಂಟು ಕಿಲೋ. ಪ್ರತಿ ಲಿಫ್ಟಿನೊಳಗೂ ಫಲಕವಿರುತ್ತದೆ: ಎಂಟು ಜನ, ಐನೂರ ನಲವತ್ತನಾಲ್ಕು ಕಿಲೋ. ಹದಿನೆಂಟು ವರ್ಷ ಅದನ್ನು ಓದಿದ ಮೇಲೆ ಒಂದು ದಿನ ಭಾಗಿಸಿ ನೋಡಿದ್ದ. ತಾನು ಒಂದೂ ಕಾಲು ಮನುಷ್ಯನಿಗಿಂತ ಹೆಚ್ಚಿದ್ದ. ಒಬ್ಬನಾಗಬೇಕು ಅನ್ನಿಸಿತು. ಯಾಕೆ ಅರವತ್ತೆಂಟೇ ಎಂದು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಒಂಬತ್ತೂವರೆಗೆ ಕಚೇರಿಯೊಂದರ ಎಂಟು ಜನರ ಲಿಫ್ಟು ಪರೀಕ್ಷಿಸಬೇಕಿತ್ತು. ಮೆಕ್ಯಾನಿಕ್ಕು ಇಪ್ಪತ್ತು ಕಿಲೋದ ಕಬ್ಬಿಣದ ಬಿಲ್ಲೆಗಳನ್ನು ಒಂದೊಂದಾಗಿ ಒಳಗಿಟ್ಟ. ಇಪ್ಪತ್ತಾರಕ್ಕೆ ನಿಲ್ಲಿಸಿ ಸೊಂಟದ ಮೇಲೆ ಕೈಯಿಟ್ಟ.

"ಬನ್ನಿ ಸಾರ್, ಕಾಲಿಡಿ."

ಇದು ಅವರಿಬ್ಬರ ಹಳೆಯ ಅಡ್ಡದಾರಿ. ಗಂಟೆ ಹೊಡೆಯುವುದು ಫಲಕದ ಭಾರಕ್ಕಿಂತ ಶೇಕಡಾ ಹತ್ತು ಹೆಚ್ಚಾದಾಗ, ಅಂದರೆ ಆರುನೂರು ಕಿಲೋದ ಹತ್ತಿರ; ಇಪ್ಪತ್ತಾರು ಬಿಲ್ಲೆಯ ಮೇಲೆ ಇವನೊಬ್ಬ ಹತ್ತಿದರೆ ಹೊಡೆಯುತ್ತಿತ್ತು. ಮೆಕ್ಯಾನಿಕ್ಕಿಗೆ ನಾಲ್ಕು ಬಿಲ್ಲೆ ಹೊರುವ ಶ್ರಮ ಉಳಿಯುತ್ತಿತ್ತು. ಇಬ್ಬರೂ ಹೀಗೆ ಪರೀಕ್ಷಿಸಿ ವರ್ಷವಾಗುತ್ತ ಬಂದಿತ್ತು. ಇವನು ಒಳಗೆ ಹೋಗಿ ನಿಂತ. ಗಂಟೆ ಹೊಡೆಯಲಿಲ್ಲ.

"ಸ್ವಲ್ಪ ಕುಣೀರಿ ಸಾರ್."

ಇವನು ಕುಣಿಯಲಿಲ್ಲ. ಬಾಗಿಲು ಯಾರೂ ಇಲ್ಲವೆಂಬಂತೆ ಮುಚ್ಚತೊಡಗಿತು. ಮೆಕ್ಯಾನಿಕ್ಕು ಅಡ್ಡ ಕಾಲು ಕೊಟ್ಟು ಇನ್ನೊಂದು ಬಿಲ್ಲೆ ತಂದು ಇವನ ಪಾದದ ಪಕ್ಕ ಇಟ್ಟ. ಆಗ ಹೊಡೆಯಿತು.

"ಮೊದ್ಲು ನಾಲ್ಕೂವರೆ ಬಿಲ್ಲೆ ಇದ್ರಿ. ಈಗ ಮೂರೂವರೆ. ನನ್ನ ಸೊಂಟಕ್ಕೇ ಬಂತು ಇದು."

ಇವನು ನಕ್ಕು ವರದಿಗೆ ಸಹಿ ಹಾಕಿದ.

ಮಧ್ಯಾಹ್ನ ಆಹಾರ ತಜ್ಞೆಯ ಕೋಣೆಯಲ್ಲಿ ಕೂತು ಫೋನಿನ ಗ್ರಾಫು ತೋರಿಸಿದ. ಸ್ಕೇಲು ಹಿಡಿದು ಎಳೆದ ಹಾಗಿತ್ತು ಗೆರೆ. ಅವಳು ಕನ್ನಡಕ ಏರಿಸಿ ನೋಡಿದಳು.

"ಚೆನ್ನಾಗೇ ಇಳೀತಿದೆಯಲ್ಲ."

"ಮತ್ತೆ ಐದು ಕಿಲೋ ಆಯ್ತು. ಸಾವಿರದ ಆರುನೂರು ಮಾಡ್ಲಾ ಅಂತ."

"ಇಳೀತಿರೋದನ್ನ ಯಾಕೆ ಮುಟ್ತೀರಾ? ಮೂರು ವಾರ ಮುಳ್ಳು ಕದಲದೆ ನಿಂತ್ರೆ ಬನ್ನಿ, ನೋಡೋಣ."

"ಮೈ ಹಗುರಾದ ಹಾಗೆ ಅದಕ್ಕೆ ಬೇಕಾಗೋದೂ ಕಡಿಮೆ ಆಗುತ್ತಲ್ಲ. ಮುಂದೆ ನಿಂತೇ ನಿಲ್ಲುತ್ತೆ."

"ಮುಂದೆ ಬರೋ ಜ್ವರಕ್ಕೆ ಇವತ್ತೇ ಮಾತ್ರೆ ನುಂಗ್ತೀರಾ?"

ಅವಳು ಫೋನನ್ನು ಹಿಂದಕ್ಕೆ ತಳ್ಳಿದಳು.

"ಉಳಿದಿರೋದು ಮೂರು ಕಿಲೋ. ಆರು ವಾರ. ಆಮೇಲೆ ಹೆಚ್ಚಿಸೋಕೆ ಶುರು ಮಾಡಿ. ವಾರಕ್ಕೆ ನೂರರ ಹಾಗೆ, ತೂಕ ನಿಲ್ಲೋವರೆಗೂ."

"ಹೆಚ್ಚಿಸೋದಾ?"

"ಮತ್ತೆ? ಜೀವಮಾನವೆಲ್ಲ ಇಳೀತಾನೇ ಇರ್ತೀರಾ? ಮನೇಲಿ ಎಲ್ಲರ ಜೊತೆ ಕೂತು, ಎಲ್ಲರೂ ತಿನ್ನೋದನ್ನ ತಿನ್ನಿ. ಅಷ್ಟೇ."

ಮೆಟ್ಟಿಲು ಇಳಿಯುವಾಗ 'ಅಷ್ಟೇ' ಎಂಬ ಮಾತು ಜೊತೆಗೇ ಇಳಿದು ಬಂತು. ಒಂಬತ್ತು ತಿಂಗಳಿಂದ ಸಂಜೆ ಆರೂವರೆಗೆ ತೂಗಿದ ಊಟವನ್ನು ತನ್ನ ಕೋಣೆಯಲ್ಲೇ ಮುಗಿಸುತ್ತಿದ್ದ. ಎಂಟಕ್ಕೆ ತಾಯಿ ಮಗಳು ಮೇಜಿನಲ್ಲಿ ಊಟಕ್ಕೆ ಕೂತಾಗ ಬಾಗಿಲಾಚೆ ನಗು ಕೇಳುತ್ತಿತ್ತು. ಅದಕ್ಕೂ ಮೊದಲು ಮೂವರೂ ಒಟ್ಟಿಗೆ ಕೂರುತ್ತಿದ್ದರು. ಆಗ ನಗು ಇತ್ತೆ? ನೆನಪಾಗಲಿಲ್ಲ. ಇನ್ನೂ ಸ್ವಲ್ಪ ಬಡಿಸಲಾ, ಸಾಕು, ನೀರು ಕೊಡು: ಇಷ್ಟೇ ನೆನಪಾಯಿತು. ಇನ್ನು ಏಳನೆಯ ವಾರ ಆ ಕುರ್ಚಿಯಲ್ಲಿ ಕೂತು ಏನು ಮಾತಾಡುವುದು? ಏಳನೆಯ ವಾರದ ಬೆಳಿಗ್ಗೆ ಎದ್ದು ಏನನ್ನು ನೋಡುವುದು?

ರಸ್ತೆ ದಾಟುವ ಮೊದಲೇ ಫೋನು ತೆಗೆದು ಗುರಿಯನ್ನು ಸಾವಿರದ ಆರುನೂರು ಮಾಡಿದ. ದಾಟಿದ ಮೇಲೆ ಮತ್ತೆ ಸಾವಿರದ ಏಳುನೂರು ಮಾಡಿದ. ಬೇಕಾದರೆ ಅರವತ್ತೆಂಟನ್ನೇ ಅರವತ್ತೈದು ಮಾಡಿಕೊಳ್ಳಬಹುದಲ್ಲ ಎಂದು ಹೊಳೆಯಿತು. ಹೊಳೆದದ್ದಕ್ಕೆ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ಹೆದರಿಕೆಯಾಯಿತು.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

"ನಾಳಿದ್ದು ಅವಳ ಸ್ಕೂಲಿನ ಕಾರ್ಯಕ್ರಮ. ಆ ಪ್ಯಾಂಟು ಹಾಕ್ಕೊಂಡು ಬರ್ಬೇಡಿ, ಮೂಟೆ ಬಾಯಿ ಕಟ್ಟಿದ ಹಾಗಿದೆ. ದರ್ಜಿ ಹತ್ರ ಹೋಗಿ."

"ಸರಿ."

"ಬರ್ತೀರಲ್ಲ?"

"ಹೋಗ್ತೀನಿ ದರ್ಜಿ ಹತ್ರ."

ಫೋನು ಕಟ್ಟಾಯಿತು.

ದರ್ಜಿ ಇವನ ಭುಜ ಹಿಡಿದು ತಿರುಗಿಸಿ ಪ್ಯಾಂಟಿನ ಹಿಂಭಾಗ ನೋಡಿದ.

"ಎರಡು ಸಲ ಹಿಡಿದಾಯ್ತು ಇದನ್ನ. ಇನ್ನು ಹಿಡಿದ್ರೆ ಹಿಂದಿನ ಜೇಬೆರಡೂ ಒಂದಾಗ್ತವೆ. ಹೊಸದೇ ಹೊಲಿಸಿ. ನಾಳೆ ರಾತ್ರಿ ಕೊಡ್ತೀನಿ. ಕೈ ಎತ್ತಿ."

ಇವನು ಕನ್ನಡಿಯೆದುರು ಎರಡೂ ಕೈ ಎತ್ತಿದ. ದರ್ಜಿ ಟೇಪನ್ನು ಸೊಂಟಕ್ಕೆ ಸುತ್ತಿ, ಒಳಗೆ ಬೆರಳು ತೂರಿಸಿ, ಹಲ್ಲಿನಲ್ಲಿ ಪೆನ್ಸಿಲು ಕಚ್ಚಿಕೊಂಡೇ ಕೇಳಿದ:

"ಇಲ್ಲಿಗೆ ನಿಲ್ಲಿಸ್ತೀರೋ, ಇನ್ನೂ ಇಳೀತೀರೋ? ಅದ್ರ ಮೇಲೆ ಸೊಂಟದ ಅಳತೆ ಇಡ್ಬೇಕು."

ಇವನು ಉತ್ತರಕ್ಕಾಗಿ ಬಾಯಿ ತೆರೆದ. ಮುಂದೆ ಯಾರೋ ಗಿರಾಕಿ ಕರೆದರು. "ಒಂದ್ನಿಮಿಷ," ಎಂದು ದರ್ಜಿ ಹೋದ. ಅಂಗಡಿಯ ಮುಂದೆ ಬಟ್ಟೆಯ ಬಣ್ಣದ ಬಗ್ಗೆ ಮಾತು ಶುರುವಾಯಿತು. ಯಾವುದೋ ಮದರಂಗಿ ಹಸಿರು, ಯಾವುದೋ ಹೊಂದುವ ದಾರ. ಹಿಡಿತ ತಪ್ಪಿದ ಟೇಪು ಸೊಂಟದಿಂದ ತೊಡೆಗೆ, ತೊಡೆಯಿಂದ ಮೊಣಕಾಲಿಗೆ ಜಾರಿ ಪಾದಗಳ ಸುತ್ತ ಸುರುಳಿಯಾಗಿ ಬಿತ್ತು. ಕೈ ಇಳಿಸಿ ಎಂದು ಯಾರೂ ಹೇಳಿರಲಿಲ್ಲ. ಅವನು ಎತ್ತಿಕೊಂಡೇ ನಿಂತಿದ್ದ.