ರಬ್ಬರ್ ಪಟ್ಟಿಯ ಇನ್ನೊಂದು ತುದಿ

ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೂರನೇ ದಿನ ಮಲ್ಲೇಶ ತರಿಸಿದ ಪಾರ್ಸೆಲ್ ಮಸ್ಕಿಯ ಮನೆಗೆ ಬಂತು. ಹೆಂಡತಿ ಅಂಬಿಕಾ ಬಿಚ್ಚಿ ನೋಡಿದಳು. ಒಳಗೆ ಹಳದಿ, ಹಸಿರು, ಕೆಂಪು, ನೀಲಿ, ಕಪ್ಪು ಬಣ್ಣದ, ಒಂದಕ್ಕಿಂತ ಒಂದು ಬಿಗಿಯಾದ ಐದು ರಬ್ಬರ್ ಪಟ್ಟಿಗಳಿದ್ದವು. ಯಾರೋ ಸೈಕಲ್ ಟ್ಯೂಬು ಕತ್ತರಿಸಿ ಬಣ್ಣ ಹಚ್ಚಿ ಕಳಿಸಿದ್ದಾರೆ ಅಂತಲೇ ಅವಳಿಗೆ ಅನ್ನಿಸಿತು.

"ಗಾಡಿ ಮ್ಯಾಗ ಅಕ್ಕಿಚೀಲ ಕಟ್ಟಾಕೇನ್ರೀ?"

"ಅಕ್ಕಿಚೀಲ ಅಂತ! ರೆಸಿಸ್ಟೆನ್ಸ್ ಬ್ಯಾಂಡ್ ಅಂತಾರ ಇದಕ್ಕ. ಮನ್ಯಾಗ ದಿನಾ ಎಳದ್ರ ತೋಳು ಕಬ್ಬಿಣ ಆಗ್ತಾವ. ಈ ಸಲ ನಿಮ್ಮಣ್ಣಗ ತೋರಸ್ತೀನಿ."

ಅಂಬಿಕಾಳಿಗೆ ಹಳೆಯ ಪಂದ್ಯ ನೆನಪಾಯಿತು. ಹೋದ ವರ್ಷ ನಾಗರಪಂಚಮಿಗೆ ಬಳಗಾನೂರಿನ ತವರಿಗೆ ಹೋದಾಗ ಅವಳ ಅಣ್ಣ ಗ್ಯಾನಪ್ಪ ಪಂದ್ಯ ಕಟ್ಟಿದ್ದ. ಬಸ್‌ಸ್ಟ್ಯಾಂಡಿನಿಂದ ಕಾಲುವೆ ಸೇತುವೆವರೆಗೆ ಲಿಂಬೆಹಣ್ಣನ್ನು ಹದಿನೈದೇ ಎಸೆತದಲ್ಲಿ ಮುಟ್ಟಿಸಬೇಕು, ಹಣ್ಣು ಬಿದ್ದಲ್ಲಿಂದಲೇ ಮತ್ತೆ ಎಸೆಯಬೇಕು. ಸೇತುವೆ ಇನ್ನೂ ನೂರು ಹೆಜ್ಜೆ ಇರುವಾಗಲೇ ಮಲ್ಲೇಶನ ಲೆಕ್ಕ ಮುಗಿದಿತ್ತು. ಊರಿಗೆ ಊರೇ ನಕ್ಕಿತು. ಸೋತವನು ಬಾಯಿ ಮುಚ್ಚಿಕೊಂಡಿದ್ದರೆ ಚೆಂದ. ಇವನು ಮಾತ್ರ ಹತ್ತು ಮಂದಿಯ ಮುಂದೆ, "ಮುಂದಿನ ಸಲಾನೂ ಸೋತ್ರ ನಾನೂ ಈ ಊರು ತುಳಿಯಂಗಿಲ್ಲ, ಇಕಿನ್ನೂ ಪಂಚಮಿಗೆ ಕಳಸಂಗಿಲ್ಲ" ಅಂದುಬಿಟ್ಟ. ಗ್ಯಾನಪ್ಪನೂ ಬಿಸಿಯಲ್ಲಿದ್ದ. "ಆಗ್ಲೇಳು" ಅಂದ. ಎರಡು ಕೋಣ ಕಾದಾಡಿದರೆ ಗಿಡಕ್ಕೆ ಕುತ್ತು. ವರ್ಷಕ್ಕೊಮ್ಮೆ ನಾಲ್ಕು ದಿನ ಅವ್ವನ ಮಗ್ಗುಲಲ್ಲಿ ಮಲಗುವ ಸುಖವನ್ನು ಇಬ್ಬರೂ ಒಂದು ಲಿಂಬೆಹಣ್ಣಿಗೆ ಕಟ್ಟಿದ್ದರು, ಅವಳನ್ನು ಒಂದು ಮಾತೂ ಕೇಳದೆ.

ಮೊದಲ ದಿನ ಮಲ್ಲೇಶ ಪಟ್ಟಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಎಳೆದ. ಚಿಲಕ ಕಿತ್ತು ಬಂದು ಬೆನ್ನಿಗೇ ಬಡಿಯಿತು. ಎರಡನೇ ದಿನ ಕಿಟಕಿಯ ಸರಳಿಗೆ ಕಟ್ಟಿದ. ಚೌಕಟ್ಟು ಅಲುಗಾಡಿ ಗಾರೆ ಉದುರಿತು. ಮನೆ ಮಾಲೀಕ ಹುಸೇನ್‌ಸಾಬ್ ಬಂದು ನೋಡಿ ಕೈಮುಗಿದರು. "ಮಲ್ಲೇಶಪ್ಪ, ಕಸರತ್ತು ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಮಕಾನ್ ಒಂದು ಉಳಸ್ರಿ."

ಮೂರನೇ ದಿನ ಪಟ್ಟಿಯ ಇನ್ನೊಂದು ತುದಿ ಅಂಬಿಕಾಳ ಕೈಗೆ ಬಂತು.

"ನೀ ಕಂಬದಂಗ ನಿಲ್ಲು. ಅಲುಗಾಡಬ್ಯಾಡ."

ದಿನಾ ಬೆಳಿಗ್ಗೆ ಅವನು ಮುಂದೆ ನಿಂತು ಭುಜದ ಮೇಲಿಂದ ಎಳೆಯುವುದು, ಅವಳು ಹಿಂದೆ ನಿಂತು ಮುಷ್ಟಿಗೆ ಪಟ್ಟಿ ಸುತ್ತಿಕೊಂಡು ಹಿಮ್ಮಡಿ ಊರಿ ತಡೆಯುವುದು. ಅವನು ಎಷ್ಟು ಎಳೆದರೂ ಅಷ್ಟನ್ನು ಇವಳು ತಡೆಯಲೇಬೇಕು. ಆದರೂ ಕಸರತ್ತೆಲ್ಲ ತನ್ನದೇ ಎಂದು, ಲೋಕದ ಗಂಡಂದಿರ ಪದ್ಧತಿಯಂತೆ, ಅವನು ನಂಬಿದ್ದ. ಇಪ್ಪತ್ತು ಸಲ ಎಳೆಯುತ್ತಲೇ, "ಸಾಕು, ಸಿಂಧನೂರು ಬಸ್ಸಿಗೆ ಹೊತ್ತಾತು" ಎಂದು ಮಿಲ್ಲಿನ ಕೆಲಸದ ನೆಪ ತೆಗೆಯುತ್ತಿದ್ದ.

"ಇನ್ನ ಹತ್ತು ಎಳೀರಿ. ನನ್ನ ತವರುಮನಿ ಐತಿ ಇದರಾಗ."

ಅವನು ಹೋದ ಮೇಲೆ ಅವಳೇ ಒಂದು ತುದಿಯನ್ನು ಕಾಲಡಿ ತುಳಿದು ಇನ್ನೊಂದನ್ನು ಎಳೆದು ನೋಡುವಳು. ಮೊದಮೊದಲು ತಮಾಷೆಗೆ ಮಾಡಿದಳು, ಆಮೇಲೆ ರುಚಿ ಹತ್ತಿತು. ಮಲ್ಲೇಶ ಕೆಂಪಿನಲ್ಲೇ ಏದುಸಿರು ಬಿಡುತ್ತಿರುವಾಗ ಅವಳು ನೀಲಿ ದಾಟಿ ಕಪ್ಪಿಗೆ ಬಂದಿದ್ದಳು. ಅವನಿಗೆ ಹೇಳಲಿಲ್ಲ. ಗಂಡಸಿನ ಹುರುಪು ಹಾಲಿದ್ದಂತೆ, ಒಂದು ಹನಿ ಹುಳಿ ಸಾಕು ಒಡೆಯಲು.

ಪಂಚಮಿಯ ದಿನ ಬಳಗಾನೂರಿನ ರಸ್ತೆ ತುಂಬ ಜನ. ಮಲ್ಲೇಶ ಹನ್ನೆರಡು ಸಲ ಚೆನ್ನಾಗಿಯೇ ಎಸೆದ. ಹದಿಮೂರನೆಯದಕ್ಕೆ ಕೈ ಹಿಂದಕ್ಕೆತ್ತಿದವನು "ಯವ್ವಾ!" ಎಂದು ಅಲ್ಲೇ ಕುಕ್ಕರಿಸಿದ. ಭುಜ ಹಿಡಿದುಕೊಂಡಿತ್ತು. ಉಳಿದದ್ದು ಮೂರೇ ಎಸೆತ, ಸೇತುವೆ ಇನ್ನೂ ದೂರವಿತ್ತು.

"ಸೋತೆ ಅನ್ನು, ಅಳ್ಯಾ," ಗ್ಯಾನಪ್ಪ ನಕ್ಕ. "ಇಲ್ಲಾಂದ್ರ ನಿಮ್ಮ ಮನಿಯವ್ರು ಯಾರರ ಇದ್ರ ಒಗೀಲಿ."

ಅಂಬಿಕಾ ಸೆರಗು ಸಿಕ್ಕಿಸಿಕೊಂಡು ಬಂದು ಹಣ್ಣು ಎತ್ತಿಕೊಂಡಳು.

"ಏ ತಂಗಿ, ನೀ ಈ ಮನಿ ಮಗಳಬೇ!"

"ಹೌದು. ಆ ಮನ್ಯಾಕಿನೂ ಹೌದು. ಸರಿ, ದಾರಿ ಬಿಡು."

ಮೊದಲ ಎಸೆತಕ್ಕೆ ಜನ ನಕ್ಕರು, ಹಣ್ಣು ನೆಲ ಮುಟ್ಟುವುದರೊಳಗೆ ನಗು ನಿಂತಿತು. ಎರಡನೆಯದಕ್ಕೆ ಮಲ್ಲೇಶ ನೋವು ಮರೆತು ಎದ್ದು ನಿಂತ. ಮೂರನೆಯದು ಸೇತುವೆಯನ್ನೂ ದಾಟಿ ಆಚೆಯ ಗದ್ದೆಯ ಕೆಸರಿಗೆ ಬಿತ್ತು.

"ಗೆದ್ವಿ ಮಾವಾ!" ಮಲ್ಲೇಶ ಕುಣಿದ. "ನಾ ದಿನಾ ತಾಲೀಮು ಕೊಟ್ಟೀನಿ ಅಕಿಗೆ!"

"ನಮ್ಮ ಮನಿ ಅನ್ನ ಉಂಡು ಬೆಳದ ತೋಳಲೇ ಅದು! ಬರೋ ವರ್ಷ ಹದಿಮೂರಕ್ಕ ಕಟ್ಟತೀಯೇನು?"

"ಕಟ್ಟು!"

ಇಬ್ಬರೂ ಪಂದ್ಯಕ್ಕೆ ಕೈ ಚಾಚಿದರು. ಅಂಬಿಕಾ ನಡುವೆ ಬಂದು ನಿಂತಳು. ಸಿಟ್ಟಿಗೆ ಅವಳ ಕಣ್ಣು ತುಂಬಿದ್ದವು.

"ಲಿಂಬಿಹಣ್ಣು ಕಟ್ರಿ, ಟೆಂಗಿನಕಾಯಿ ಕಟ್ರಿ, ನನ್ನ ಕಟ್ಟಬ್ಯಾಡ್ರಿ. ವರ್ಷಪೂರ್ತಿ ಅಂಜಿ ಸತ್ತೀನಿ ನಾ. ಇನ್ನ ಮ್ಯಾಲೆ ಅವ್ರು ಕಳಸ್ಲಿ ಬಿಡ್ಲಿ, ನೀ ಕರಿ ಬಿಡು, ನನ್ನವ್ವನ ನೋಡಾಕ ನಾ ಬರಾಕಿನ."

ಚಾಚಿದ ಎರಡೂ ಕೈ ಮೆಲ್ಲಗೆ ಹಿಂದಕ್ಕೆ ಹೋದವು. ಅಂಬಿಕಾ ಅವರತ್ತ ತಿರುಗಿಯೂ ನೋಡದೆ ಪಂಚಮಿಗೆಂದು ಬೇವಿನ ಮರಕ್ಕೆ ಕಟ್ಟಿದ್ದ ಜೋಕಾಲಿಗೆ ಹೋಗಿ ಕೂತಳು.

"ಯಾರರ ತೂಗ್ರಿ" ಅಂದಳು.

ಅಣ್ಣ ಎರಡೂ ಕೈಯಿಂದ, ಗಂಡ ನೋವಿಲ್ಲದ ಒಂದೇ ಕೈಯಿಂದ ತೂಗತೊಡಗಿದರು.