ಟೈಲರ್ ಅಕ್ಕನಿಗೆ ಹೇಳಿದ ಮಾತು

ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಟೈಲರ್ ಅಕ್ಕನ ಮಗಳು ಪಾಸ್ಟರ ಆಫೀಸಿಗೆ ನುಗ್ಗಿದಳು. ಮೂರನೇ ಮಹಡಿಯ ಆ ಕೋಣೆಗೆ ಯಾರೂ ಹಾಗೆ ಬರುವಂತಿರಲಿಲ್ಲ. ಕೆಳಗೆ ಹೆಸರು ಬರೆಸಿ, ಫೋನ್ ಮಾಡಿಸಿ, ಕೊರಳಿಗೆ ಗುರುತಿನ ಚೀಟಿ ಹಾಕಿಸಿಕೊಂಡು ಬರಬೇಕು. ಆದರೆ ಇವಳನ್ನು ತಡೆಯಲು ಯಾರಿಗೂ ಬಾಯಿ ಬರಲಿಲ್ಲ. ಈ ಸಭೆ ಹುಟ್ಟಿದ್ದೇ ಅವಳಮ್ಮನ ಹೊಲಿಗೆ ಕೋಣೆಯಲ್ಲಿ ಎನ್ನುವುದು ಗೇಟಿನ ಕಾವಲುಗಾರನಿಗೂ ಗೊತ್ತಿತ್ತು.

"ಕೂತ್ಕೋ ಮಗಳೇ," ಎಂದರು ಪಾಸ್ಟರು.

"ಕೂರೋಕೆ ಬಂದಿಲ್ಲ ಮಾವ. ಅಮ್ಮ ಆಪರೇಷನ್ ಬೇಡ ಅಂತ ಕೂತಿದ್ದಾಳೆ. ನಿಮಗೆ ಗೊತ್ತಾ?"

"ಯಾವ ಆಪರೇಷನ್?"

ಅವಳು ಅವರ ಮುಖವನ್ನೇ ನೋಡಿದಳು. "ಎದೇಲಿ ಗಂಟು. ಐದು ತಿಂಗಳ ಹಿಂದೆ ನೀವೇ ತಲೆ ಮೇಲೆ ಕೈಯಿಟ್ಟು 'ಹೋಯಿತು' ಅಂದ್ರಲ್ಲ? ಮರುದಿನವೇ ಆಸ್ಪತ್ರೆಗೆ ಫೋನ್ ಮಾಡಿ, ಬರಲ್ಲ ಅಂದುಬಿಟ್ಟಿದ್ದಾಳೆ. ನನಗೆ ಗೊತ್ತಾಗಿದ್ದು ಮೊನ್ನೆ, ರವಿಕೆ ಮೇಲೆ ರಕ್ತ ಕಂಡಾಗ."

ಪಾಸ್ಟರು ಆ ಭಾನುವಾರವನ್ನು ನೆನಪಿಗೆ ತಂದುಕೊಳ್ಳಲು ಹೆಣಗಿದರು. ಕಣ್ಣಿಗೆ ಹೊಡೆಯುವ ದೀಪಗಳು, ವೇದಿಕೆಯ ಮುಂದೆ ಸಾಲುಗಟ್ಟಿದ ತಲೆಗಳು. ಬಿಳಿಗೂದಲು, ಕರಿಗೂದಲು, ಬೋಳು. ಒಂದೊಂದರ ಮೇಲೂ ಕೈಯಿಟ್ಟು, ಒಂದೇ ಮಾತು: ಹೋಯಿತು, ನಂಬು. ಆ ಸಾಲಿನಲ್ಲಿ ಅಕ್ಕ ಇದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

"ನೀವೇ ಹೇಳಿದ ಮಾತು," ಎಂದಳು ಮಗಳು. "ನೀವೇ ವಾಪಸ್ ತಗೊಳ್ಳಿ. ನನ್ನ ಮಾತು ಅವಳ ಕಿವಿಗೆ ಹೋಗಲ್ಲ."

ಇಪ್ಪತ್ತೇಳು ವರ್ಷಗಳ ಹಿಂದೆ ಪಾಸ್ಟರು ಬಟ್ಟೆ ಒಗೆಯುವ ಮೆಷಿನ್ ರಿಪೇರಿ ಮಾಡುತ್ತಿದ್ದರು. ಚೀಲ ಹೆಗಲಿಗೇರಿಸಿ ಮನೆಮನೆಗೆ ಹೋಗುವ ಕೆಲಸ. ಮಾತು ಮಾತ್ರ ಆಗಲೇ ಜೇನು. ಮೆಷಿನ್ ರಿಪೇರಿಯಾಗದಿದ್ದರೂ ಮನೆಯವರು ಬೇಜಾರು ಮಾಡಿಕೊಳ್ಳದೆ ಕಳಿಸಿಕೊಡುತ್ತಿದ್ದರು. ಅಕ್ಕನ ಮನೆಗೆ ಹೋದದ್ದೂ ಹಾಗೆಯೇ. ಗಂಡ ಸತ್ತು ಎರಡು ತಿಂಗಳಾಗಿತ್ತು; ಅವಳು ಮಾತಿಲ್ಲದೆ ಕೂತು ಗುಂಡಿ ಹೊಲಿಯುತ್ತಿದ್ದಳು. ಮೆಷಿನ್ ಬಿಚ್ಚಿಹಾಕಿಕೊಂಡೇ ಅವರು ತಮಗೆ ತಿಳಿದಷ್ಟು ದೇವರ ಮಾತು ಹೇಳಿದರು. ಅವಳು ಸೂಜಿ ಕೆಳಗಿಟ್ಟು ಅತ್ತಳು. ಮುಂದಿನ ವಾರ ನೆರೆಯ ಮೂವರನ್ನು ಕರೆದಳು. ಅದರ ಮುಂದಿನ ವಾರ ಹನ್ನೊಂದು ಜನ, ಬಟ್ಟೆಯ ಗಂಟುಗಳ ಮೇಲೆ ಕೂತವರು. ಅವರಿಗೆ ಮೊದಲ ಕೋಟು ಹೊಲಿದುಕೊಟ್ಟವಳೂ ಅವಳೇ. "ತೋಳು ಸ್ವಲ್ಪ ಸಡಿಲ ಬಿಟ್ಟಿದ್ದೀನಿ ತಮ್ಮ. ನೀನು ಕೈ ಬೀಸೋ ಬೀಸಿಗೆ ಬಿಗಿ ಕೋಟು ಹರಿದುಹೋಗುತ್ತೆ," ಎಂದು ನಕ್ಕಿದ್ದಳು.

ಆಮೇಲೆ ಮುಚ್ಚಿಹೋಗಿದ್ದ ಸಿನಿಮಾ ಮಂದಿರ ಬಂತು, ಅದೂ ಸಾಲದೆ ಎಂಟು ಸಾವಿರ ಕುರ್ಚಿಗಳ ಈ ಸಭಾಂಗಣ ಎದ್ದಿತು. ವಾದ್ಯತಂಡ, ಕ್ಯಾಮೆರಾ, ಮನೆಯಷ್ಟು ದೊಡ್ಡ ಪರದೆ ಎಲ್ಲ ಬಂದವು. ಒಮ್ಮೆ ಅವರು ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದಾಗ ಯಾರೋ ಬೆನ್ನುನೋವು ಬಿಟ್ಟಿತೆಂದು ಕುಣಿದರು. ಅಂದಿನಿಂದ ಜನ ದೇವರ ವಾಕ್ಯದ ಪ್ರಸಂಗಕ್ಕಿಂತ ಹೆಚ್ಚಾಗಿ ಆ ಕೈಗಾಗಿ ಬರತೊಡಗಿದರು. ಪಾಸ್ಟರು ಕೈಯಿಟ್ಟರು. ಮೊದಮೊದಲು ಅಂಜುತ್ತಾ ಇಟ್ಟರು, ಆಮೇಲೆ ರೂಢಿಯಾಯಿತು.

ಅಂದೇ ಮಧ್ಯಾಹ್ನ ಅವರು ಅಕ್ಕನ ಮನೆಗೆ ಹೋದರು. ಅವಳು ಎಂದಿನಂತೆ ಹೊಲಿಗೆ ಮೆಷಿನ್ ಮುಂದೆ ಕೂತಿದ್ದಳು. ಎಡಗೈ ಮಾತ್ರ ಮೈಗೆ ಅಂಟಿಕೊಂಡಂತಿತ್ತು.

"ಅಕ್ಕ, ನಾಳೆ ಆಸ್ಪತ್ರೆಗೆ ಹೋಗೋಣ. ನಾನೇ ಕರ್ಕೊಂಡು ಹೋಗ್ತೀನಿ."

"ಯಾಕೆ? ಹೋಯ್ತು ಅಂತ ನೀನೇ ಹೇಳಿದ್ಯಲ್ಲ."

"ಅದು... ನಾನು ಎಲ್ಲರಿಗೂ ಹಾಗೇ ಹೇಳ್ತೀನಿ ಅಕ್ಕ. ನಿನ್ನ ಮುಖ ಕೂಡ ನೋಡಿರಲಿಲ್ಲ."

ಹೊಟ್ಟೆಯೊಳಗಿನಿಂದ ಕಿತ್ತು ತಂದ ಮಾತು ಅದು. ಅಕ್ಕ ಮಾತ್ರ ಮಕ್ಕಳ ತಂಟೆಗೆ ನಗುವಂತೆ ನಕ್ಕಳು. "ನೀನು ನೋಡ್ದೇ ಇದ್ರೇನು? ಹೇಳಿಸಿದವನು ನೋಡಿದ್ದಾನಲ್ಲ. ನೀನು ಬರೀ ಬಾಯಿ ತಮ್ಮ."

"ಗಂಟು ಹೋಗಿಲ್ಲ ಅಕ್ಕ! ರಕ್ತ ಬರ್ತಿದೆ!"

"ಕೆಟ್ಟದ್ದು ಹೊರಗೆ ಹೋಗ್ತಿದೆ ಅಂದ್ಕೊಂಡಿದ್ದೀನಿ." ಅವಳ ದನಿ ತಗ್ಗಿತು. "ಸುಳ್ಳು ಹೇಳಲ್ಲ ಕಣೋ. ಕತ್ತರಿ ಹಿಡಿದು ಬದುಕಿದವಳು ನಾನು, ನನ್ನ ಮೈ ಮೇಲೆ ಕತ್ತರಿ ಅಂದ್ರೆ ಜೀವ ಬಾಯಿಗೆ ಬಂದಿತ್ತು. ಅವತ್ತು ನೀನು ಕೈಯಿಟ್ಟೆ ನೋಡು, ಮನೆಗೆ ಬಂದು ನೆಮ್ಮದಿಯಾಗಿ ನಿದ್ದೆ ಮಾಡ್ದೆ. ಈಗ ನನ್ನ ನಂಬಿಕೆ ಪರೀಕ್ಷೆ ಮಾಡೋಕೆ ನಿನ್ನನ್ನೇ ಕಳ್ಸಿದ್ದಾನೆ. ನಾನು ಸೋಲಲ್ಲ ಬಿಡು."

ಗೋಡೆಗೆ ತಲೆ ಚಚ್ಚಿಕೊಂಡಂತಾಯಿತು. ಏನು ಹೇಳಿದರೂ ಅದು ಮೊದಲ ಮಾತಿಗೇ ಬಲ ಕೊಡುತ್ತಿತ್ತು.

ಇವಳೊಬ್ಬಳಿಗೆ ಹೇಳಿ ಸುಖವಿಲ್ಲ, ಎಲ್ಲರೆದುರು ಒಪ್ಪಿಕೊಳ್ಳಬೇಕು ಎಂದು ಪಾಸ್ಟರು ಮನಸ್ಸು ಗಟ್ಟಿಮಾಡಿಕೊಂಡರು. ಭಾನುವಾರ ವೇದಿಕೆ ಹತ್ತಿದರು. ಅಕ್ಕ ಮೊದಲ ಸಾಲಿನಲ್ಲಿ, ತಾನೇ ಹೊಲಿದ ನೀಲಿ ರವಿಕೆ ತೊಟ್ಟು ಕೂತಿದ್ದಳು.

"ನಾನು ಯಾರನ್ನೂ ಗುಣ ಮಾಡಿಲ್ಲ," ಎಂದರು. "ಹೋಯಿತು ಅಂತ ಹೇಳಿದಾಗ, ಅದು ಹೋಗಿತ್ತೋ ಇಲ್ವೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೇ ಹೇಳ್ದೆ. ಮಾತ್ರೆ ಬಿಟ್ಟವರು ಇವತ್ತೇ ತಗೊಳ್ಳಿ. ಡಾಕ್ಟರ ಹತ್ರ ಹೋಗಿ. ನಾನು ತಪ್ಪು ಮಾಡಿದ್ದೀನಿ."

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಕೂಗಿದಳು: "ಹಲ್ಲೆಲೂಯಾ! ಮಹಿಮೆ ಎಲ್ಲ ದೇವರಿಗೇ!" ಚಪ್ಪಾಳೆ ಎದ್ದಿತು. ಜನ ನಿಂತರು, ಕೈಯೆತ್ತಿದರು, ಅತ್ತರು. ಇದೇ ಸಮಯವೆಂದುಕೊಂಡು ವಾದ್ಯದವರು ಮೆಲ್ಲಗೆ ನುಡಿಸತೊಡಗಿದರು.

"ನಿಲ್ಸಿ! ನಾನು ಹೇಳ್ತಿರೋದು ಕೇಳಿ!" ಎಂದು ಪಾಸ್ಟರು ಕಿರುಚಿದರು. ಅವರ ಮೇಲೆ ಪವಿತ್ರಾತ್ಮ ಇಳಿದಿದೆ ಎಂದುಕೊಂಡ ಜನ ಇನ್ನೂ ಜೋರಾಗಿ ಹಾಡಿದರು. ಅಂದು ಕೈಯಿಡಿಸಿಕೊಳ್ಳಲು ನಿಂತವರ ಸಾಲು ಬಾಗಿಲು ದಾಟಿ ರಸ್ತೆಗೆ ಬಂದಿತ್ತು.

ಕಾರಿನಲ್ಲಿ ಹೆಂಡತಿ ಅವರ ಕೈ ಹಿಡಿದಳು. "ಹತ್ತು ವರ್ಷದಲ್ಲಿ ಇಂಥ ಪ್ರಸಂಗ ಮಾಡಿರಲಿಲ್ಲ ನೀವು."

"ಅದು ಪ್ರಸಂಗ ಅಲ್ಲ ಕಣೇ," ಎಂದರು ಪಾಸ್ಟರು. ಅವಳು ಕಣ್ಣೊರೆಸಿಕೊಂಡಳು, ಅದೂ ಚೆನ್ನಾಗಿದೆ ಎನ್ನುವಂತೆ.

ಮರುದಿನ ಅವರು ಮತ್ತೆ ಅಕ್ಕನ ಮನೆಗೆ ಹೋದರು. ಈ ಸಲ ಏನನ್ನೂ ಹೇಳಲಿಲ್ಲ. ಬಟ್ಟೆಯ ಚೂರುಗಳ ನಡುವೆ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಅಕ್ಕ ಸ್ವಲ್ಪ ಹೊತ್ತು ಪೆಡಲ್ ತುಳಿದಳು. ಆಮೇಲೆ ನಿಲ್ಲಿಸಿದಳು.

"ಏಳೋ. ನಿನ್ನ ಸಮಾಧಾನಕ್ಕೆ ಬರ್ತೀನಿ. ನನಗಾಗಿ ಅಲ್ಲ, ತಿಳ್ಕೋ."

ಡಾಕ್ಟರು ಸ್ಕ್ಯಾನ್ ಫೋಟೋಗಳನ್ನು ದೀಪಕ್ಕೆ ಹಿಡಿದು ನೋಡಿ, ಮಗಳನ್ನೂ ಪಾಸ್ಟರನ್ನೂ ಒಳಗೆ ಕರೆದರು. ಎಲುಬಿಗೆ ಹೋಗಿದೆ, ಯಕೃತ್ತಿಗೂ ಹೋಗಿದೆ ಎಂದರು. "ಆಗ ಆಪರೇಷನ್‌ಗೆ ಕೊಟ್ಟ ದಿನ ಬಂದಿದ್ರೆ ತೆಗೀಬಹುದಿತ್ತು, ಗಂಟು ಚಿಕ್ಕದಿತ್ತು. ಈಗ ನೋವು ಕಡಿಮೆ ಮಾಡ್ಬಹುದು, ಅಷ್ಟೆ." ಮಗಳು ಪಾಸ್ಟರ ಕಡೆ ತಿರುಗಲೂ ಇಲ್ಲ. ಚೀಲದ ಜಿಪ್ ಹಾಕುತ್ತಾ, ತೆಗೆಯುತ್ತಾ ನಿಂತಳು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕ ಇಬ್ಬರ ಮುಖವನ್ನೂ ಓದಿಕೊಂಡಳು. "ಹೋಗ್ಲಿ ಬಿಡು," ಎಂದು ಪಾಸ್ಟರ ಬೆನ್ನು ತಟ್ಟಿದಳು. "ಇದನ್ನ ಮನಸ್ಸಿಗೆ ಹಚ್ಕೋಬೇಡ. ನಾಳೆ ಸಾವಿರಾರು ಜನಕ್ಕೆ ಮಾತಾಡೋನು ನೀನು." ಅವಳು ಅವರನ್ನು ಸಂತೈಸಿದ್ದೇ ಅವರಿಗೆ ಎಲ್ಲಕ್ಕಿಂತ ಭಾರವಾಯಿತು. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದರು.

ಅದಾಗಿ ಹನ್ನೊಂದನೇ ವಾರ ಅವಳು ತೀರಿಹೋದಳು. ಕೊನೆಯ ದಿನಗಳಲ್ಲಿ ನೋವು ಅವಳ ಮಾತನ್ನೂ ನಗುವನ್ನೂ ತಿಂದುಹಾಕಿತ್ತು. ಪಾಸ್ಟರು ದಿನಾ ಹೋಗಿ ಹಾಸಿಗೆಯ ಪಕ್ಕ ಕೂರುತ್ತಿದ್ದರು. ಕೈಯನ್ನು ಮಾತ್ರ ತೊಡೆಯ ಮೇಲೇ ಇಟ್ಟುಕೊಂಡಿರುತ್ತಿದ್ದರು.

ಸ್ಮಶಾನದಲ್ಲಿ ಅವರು ಪೆಟ್ಟಿಗೆಯ ಕಡೆ ಹೆಜ್ಜೆಯಿಟ್ಟಾಗ ಮಗಳು ಅಡ್ಡ ಬಂದಳು.

"ನೀವು ಮಾತಾಡ್ಬೇಡಿ ಮಾವ. ಕೈ ಮುಗೀತೀನಿ, ಇವತ್ತು ಒಂದು ಮಾತೂ ಬೇಡ."

ಅವರು ತಲೆಯಾಡಿಸಿ ಹಿಂದೆ ಸರಿದರು. ಕಿರಿಯ ಪಾಸ್ಟರೊಬ್ಬರು ಪ್ರಾರ್ಥನೆ ಮಾಡಿದರು, ಚೆನ್ನಾಗಿಯೇ ಮಾಡಿದರು. ಮಣ್ಣು ಬೀಳುವ ಸದ್ದು ಮುಗಿಯುವ ತನಕ ಪಾಸ್ಟರು ಬೇಲಿಯ ಹತ್ತಿರ ನಿಂತಿದ್ದರು.

ಗೇಟಿನ ಬಳಿ ಒಬ್ಬ ಗಂಡಸು ಕಾಯುತ್ತಿದ್ದ. ತೋಳಿನಲ್ಲಿ ನಾಲ್ಕೈದು ವರ್ಷದ ಹೆಣ್ಣುಮಗು, ಜ್ವರದಿಂದ ಕೆಂಪಾದ ಮುಖ. ಇವರನ್ನು ಕಂಡದ್ದೇ ಅವನ ಕಣ್ಣು ತುಂಬಿತು.

"ಪಾಸ್ಟರೇ, ಒಂದು ಸಲ ಕೈ ಇಡಿ."

"ಡಾಕ್ಟರಿಗೆ ತೋರಿಸಿದ್ರಾ?"

"ತೋರಿಸಿದ್ವಿ. ಅವರೂ ನಿಮ್ಮ ಸಭೆಗೇ ಬರ್ತಾರೆ."

"ಔಷಧಿ ಕೊಡ್ತಿದ್ದೀರಾ? ದಿನಾ? ಏನಾದ್ರೂ ಆಗ್ಲಿ, ನಿಲ್ಸಲ್ಲ ಅಂತ ಮಾತು ಕೊಡಿ."

"ನೀವು ಹೇಳಿದ ಹಾಗೇ," ಎಂದ ಅವನು. ಏನು ಹೇಳಿದ್ದರೂ ಅವನು ಹಾಗೇ ಅನ್ನುತ್ತಿದ್ದ. ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಹಿಡಿದ.

ಪಾಸ್ಟರು ಸುತ್ತ ನೋಡಿದರು. ಹಿಂದೆ ಇನ್ನೂ ನಾಲ್ಕೈದು ಜನ ಬಂದು ಸಾಲಾಗಿ ನಿಂತಿದ್ದರು. ಮಗು ಸುಸ್ತಾಗಿ ಕಣ್ಣು ಮುಚ್ಚಿತ್ತು. ಅವರು ಕೈಯೆತ್ತಿ ಆ ಬಿಸಿ ಹಣೆಯ ಮೇಲಿಟ್ಟರು, ಏನನ್ನೂ ಹೇಳಲಿಲ್ಲ.

"ಆಮೆನ್," ಎಂದ ತಂದೆ.